ಶೇ 100 ಎಲ್ಲಿತ್ತು?

ಪ್ರಶ್ನೆ: ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆ 2024ರ ಜುಲೈನಲ್ಲಿ ಬಂದಷ್ಟೇ ಬೇಗ ಮರೆಯಾಯಿತು. ಟಿ.ವಿ.ಯಲ್ಲಿ ಕೂಗಾಟವೋ ಕೂಗಾಟ. ಐಟಿಐ ಮುಗಿಸಿ ಪೀಣ್ಯದಲ್ಲಿ ಅಲೆಯುತ್ತಿದ್ದ ನನ್ನ ಮಗನಿಗೆ ಅದರಿಂದ ಏನು ಸಿಗುತ್ತಿತ್ತೆಂದು ಒಬ್ಬರೂ ಹೇಳಲಿಲ್ಲ. ಪತ್ರಕರ್ತರಾಗಿ ನೀವು ಮಾಡುವುದಾದರೂ ಏನು?
– ಓದುಗರೊಬ್ಬರು, ತಿಪಟೂರು

ಉತ್ತರ: ಬೈದಿದ್ದೀರಿ, ಬೈಸಿಕೊಳ್ಳುವ ಹಾಗೆಯೇ ನಡೆದುಕೊಂಡಿದ್ದೇವೆ. ಆ ವಾರ ನನ್ನ ಮೇಜಿನ ಮೇಲೂ ‘ಶೇ 100’ ಎಂಬ ಅಂಕಿಯೇ ಕುಣಿಯುತ್ತಿತ್ತು. ‘ಸಿ’ ಮತ್ತು ‘ಡಿ’ ದರ್ಜೆಯ ಹುದ್ದೆಗಳೆಲ್ಲ ಕನ್ನಡಿಗರಿಗೇ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಎಕ್ಸ್‌ನಲ್ಲಿ ಬರೆದರು, ಆಮೇಲೆ ಅಳಿಸಿದರು. ಮಸೂದೆಯಲ್ಲಿ ಇದ್ದದ್ದು ಆಡಳಿತ ವರ್ಗದಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70. ನಾವು ಮಾತ್ರ ಅಳಿಸಿದ ಅಂಕಿಯನ್ನೇ ಹಿಡಿದು ಜಗ್ಗಾಡಿದೆವು. ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ ಆಕ್ಷೇಪಿಸಿತು. ಆಂಧ್ರದ ಸಚಿವ ನಾರಾ ಲೋಕೇಶ್, ವಿಶಾಖಪಟ್ಟಣಕ್ಕೆ ಬನ್ನಿ ಎಂದು ಕಂಪನಿಗಳನ್ನು ಕರೆದರು (ಒಬ್ಬರ ಗಡ್ಡಕ್ಕೆ ಬೆಂಕಿ ಬಿದ್ದಾಗ ಇನ್ನೊಬ್ಬರು ಬೀಡಿ ಹಚ್ಚಿಕೊಳ್ಳುವುದೆಂದರೆ ಇದೇ). 17ರಂದು ಸರ್ಕಾರ ಮಸೂದೆಯನ್ನು ತಡೆಹಿಡಿಯಿತು, ನಾವೂ ಬೇರೆ ಸುದ್ದಿಯ ಬೆನ್ನು ಹತ್ತಿದೆವು.

ನಿಮ್ಮ ಮಗ ಆ 70ರ ಗುಂಪಿಗೆ ಸೇರುತ್ತಿದ್ದ. ರಾಜ್ಯದಲ್ಲಿ ಹುಟ್ಟಿ, 15 ವರ್ಷ ಇಲ್ಲಿ ನೆಲೆಸಿ, ಕನ್ನಡ ಮಾತನಾಡಲು, ಓದಲು, ಬರೆಯಲು ಬಲ್ಲವನೇ ಸ್ಥಳೀಯ. ಪ್ರೌಢಶಾಲೆಯಲ್ಲಿ ಕನ್ನಡ ಓದಿದ್ದರೆ ಪರೀಕ್ಷೆ ಬೇಕಿರಲಿಲ್ಲ. ತಕ್ಕವರು ಸಿಗಲಿಲ್ಲವೆಂದು ಕಂಪನಿ ವಿನಾಯಿತಿ ಕೇಳಬಹುದಿತ್ತು, ಆದರೂ ಶೇ 50ಕ್ಕಿಂತ ಕೆಳಗಿಳಿಯುವಂತಿರಲಿಲ್ಲ. ಸರಿ, ಇಳಿದರೆ? ದಂಡ 10 ಸಾವಿರದಿಂದ 25 ಸಾವಿರ ರೂಪಾಯಿ. ದೊಡ್ಡ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಷ್ಟು ದುಡ್ಡು ಒಂದು ದಿನದ ಕಾಫಿ–ತಿಂಡಿಗೆ ಸಾಲದು. ಕೂಗಾಡಬೇಕಿದ್ದರೆ ಇದರ ಬಗ್ಗೆ ಕೂಗಾಡಬೇಕಿತ್ತು. ಶೇ 75 ಮೀಸಲಿಟ್ಟ ಹರಿಯಾಣದ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ ರದ್ದುಪಡಿಸಿ ಆಗಿನ್ನೂ ಎಂಟು ತಿಂಗಳಾಗಿತ್ತು. ನಮ್ಮದು ಹೇಗೆ ಉಳಿಯುತ್ತದೆ ಸ್ವಾಮಿ ಎಂದು ಸಚಿವರನ್ನು ನಿಲ್ಲಿಸಿ ಕೇಳಲು ಅಷ್ಟೇ ಸಾಕಿತ್ತು. ನಾನೂ ಕೇಳಲಿಲ್ಲ. ಮಸೂದೆಯನ್ನು ಪೂರ್ತಿ ಓದಿದ್ದು ಅದು ತಣ್ಣಗಾದ ಮೇಲೆ.

ಪ್ರಶ್ನೆ: ಹಾಗಾದರೆ ಟಿ.ವಿ. ಚರ್ಚೆ ನೋಡುವುದನ್ನೇ ಬಿಟ್ಟುಬಿಡಲೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬಿಡಬೇಡಿ. ಒಂದು ಸಂಜೆ ಧ್ವನಿ ಪೂರ್ತಿ ತಗ್ಗಿಸಿ ನೋಡಿ; ಚರ್ಚಿಸುತ್ತಿರುವ ಮಸೂದೆಯ ಒಂದು ಸಾಲಾದರೂ ಪರದೆಯ ಮೇಲೆ ಬಂದರೆ ಆಗ ಧ್ವನಿ ಏರಿಸಿ.

ಪ್ರಶ್ನೆ: ವಿಧಾನಸಭೆಯೊಳಗೆ ಖಾಸಗಿ ವಾಹಿನಿಗಳ ಕ್ಯಾಮೆರಾ ಬೇಡವೆಂದಾಗ ನೀವೂ ಪ್ರತಿಭಟಿಸಿದ್ದಿರಾ?
– ಓದುಗರೊಬ್ಬರು, ಮಂಡ್ಯ

ಉತ್ತರ: 2019ರ ಅಕ್ಟೋಬರ್‌ನಲ್ಲಿ ಅಲ್ಲವೇ, ಹೋಗಿದ್ದೆ, ಕಪ್ಪು ಪಟ್ಟಿ ಕಟ್ಟಿಕೊಂಡೇ ಹೋಗಿದ್ದೆ. ಆ ನಿರ್ಬಂಧ ತಪ್ಪೆಂದು ಈಗಲೂ ಹೇಳುತ್ತೇನೆ. ಪಕ್ಕದಲ್ಲಿ ನಿಂತಿದ್ದ ಹಳೆಯ ಕ್ಯಾಮೆರಾಮನ್ ಮಾತ್ರ ನನ್ನ ಕಿವಿಯಲ್ಲಿ, ‘ಸಾರ್, ಒಳಗಿದ್ದಾಗ ನಾವು ಹೆಚ್ಚು ತೆಗೆದದ್ದು ತೂಕಡಿಸುವ ಶಾಸಕರನ್ನೇ’ ಎಂದ.