ಒಣ ಆಹಾರ ತಿಂದರೆ ಬೆಕ್ಕಿನ ಹಲ್ಲು ಶುಚಿಯಾಗುತ್ತದೆಯೇ?

ಪ್ರಶ್ನೆ: ನಮ್ಮ ಮನೆಯ ಹೆಣ್ಣು ಬೆಕ್ಕಿಗೆ ಈಗ ಆರು ವರ್ಷ. ಹಾಲನ್ನವೇ ಅದರ ನಿತ್ಯದ ಊಟ. ಕರಾವಳಿಯ ಮೀನು ಬಂದ ದಿನ ಬೇಯಿಸಿದ ಬಂಗುಡೆಯನ್ನೂ ಹಾಕುತ್ತೇವೆ. ಕೆಲವು ತಿಂಗಳಿಂದ ಅದರ ಬಾಯಿ ವಿಪರೀತ ನಾರುತ್ತಿದೆ. ತಲೆಯನ್ನು ಓರೆ ಮಾಡಿಕೊಂಡು ಒಂದೇ ಪಕ್ಕದಿಂದ ತಿನ್ನುತ್ತದೆ, ಬಾಯಿಗೆ ತೆಗೆದುಕೊಂಡ ತುತ್ತನ್ನು ಬೀಳಿಸುತ್ತದೆ. ಅಂಗಡಿಯ ಒಣ ಆಹಾರ ಹಾಕಿದರೆ ಹಲ್ಲು ತಾನಾಗಿ ಶುಚಿಯಾಗುತ್ತದೆಂದು ಶಿವಮೊಗ್ಗದಲ್ಲಿರುವ ನನ್ನ ತಂಗಿ ಹೇಳುತ್ತಾಳೆ. ಇದು ನಿಜವೇ? ನೋವಿಗೆ ಲವಂಗದ ಎಣ್ಣೆ ಹಚ್ಚಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಲವಂಗದ ಎಣ್ಣೆ ಖಂಡಿತ ಬೇಡ. ಅದರಲ್ಲಿರುವ ಯೂಜಿನಾಲ್‌ನಂತಹ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಇನ್ನೂ ಅಪಾಯಕಾರಿ; ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ನಿಮ್ಮ ತಂಗಿಯ ಮಾತಿನಲ್ಲಿ ಅಲ್ಪ ಸತ್ಯವಿದೆ. ಬೆಳೆದ ಬೆಕ್ಕಿಗೆ 30 ಹಲ್ಲುಗಳಿರುತ್ತವೆ. ಅವು ಮಾಂಸವನ್ನು ಕತ್ತರಿಸಲು ಇರುವವೇ ಹೊರತು ನಮ್ಮ ದವಡೆ ಹಲ್ಲುಗಳಂತೆ ಅರೆಯಲು ಅಲ್ಲ. ಆದ್ದರಿಂದ ಸಾಮಾನ್ಯ ಒಣ ಆಹಾರದ ಕಾಳನ್ನು ಬೆಕ್ಕು ಇಡಿಯಾಗಿ ನುಂಗುತ್ತದೆ, ಇಲ್ಲವೇ ಹಲ್ಲಿನ ತುದಿ ತಾಗಿದೊಡನೆ ಅದು ಪುಡಿಯಾಗುತ್ತದೆ. ಬ್ಯಾಕ್ಟೀರಿಯಾಗಳ ಅಂಟುಪದರವಾದ ಪ್ಲಾಕ್ ಕೂರುವುದು ತುದಿಯಲ್ಲಲ್ಲ, ವಸಡಿನ ಅಂಚಿನಲ್ಲಿ. ಜೊಲ್ಲಿನಲ್ಲಿರುವ ಖನಿಜಗಳು ಸೇರಿ ಕೆಲವೇ ದಿನಗಳಲ್ಲಿ ಅದು ಕಂದುಬಣ್ಣದ ಗಟ್ಟಿ ಕಿಟ್ಟವಾಗುತ್ತದೆ. ಹಲ್ಲಿನ ಆರೈಕೆಗೆಂದೇ ತಯಾರಾಗುವ ಆಹಾರ ಬೇರೆಯೇ ಇದೆ: ಅದರ ಕಾಳು ದೊಡ್ಡದು, ನಾರಿನ ಹೆಣಿಗೆಯಿಂದಾಗಿ ಹಲ್ಲು ಒಳಗಿಳಿಯುವವರೆಗೂ ಒಡೆಯುವುದಿಲ್ಲ, ಕೆಲವದರಲ್ಲಿ ಜೊಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಪಾಲಿಫಾಸ್ಫೇಟ್ ಕೂಡ ಇರುತ್ತದೆ. ಆದರೆ ಇದೂ ಹೊಸ ಕಿಟ್ಟ ಕಟ್ಟುವುದನ್ನು ನಿಧಾನಗೊಳಿಸುತ್ತದೆಯಷ್ಟೇ. ವಸಡಿನ ಕೆಳಗೆ ಈಗಾಗಲೇ ಇಳಿದಿರುವ ಕಿಟ್ಟವನ್ನು ಯಾವ ಆಹಾರವೂ ಕೀಳಲಾರದು. ಕೊಟ್ಟಿಗೆ, ಅಟ್ಟಗಳಲ್ಲಿ ಇಲಿ ಹಿಡಿದು ಚರ್ಮ, ಮೂಳೆಸಹಿತ ತಿನ್ನುವ ಬೆಕ್ಕಿನ ಹಲ್ಲು ಹಾಳಾಗುವುದಿಲ್ಲವೆಂದು ನಮ್ಮ ಕಡೆ ಹೇಳುವುದುಂಟು. ಆದರೆ ಬೇಟೆಯಿಂದಲೇ ಬದುಕುವ ಬೆಕ್ಕುಗಳಲ್ಲೂ ವಸಡಿನ ರೋಗ ಕಂಡುಬಂದಿದೆ.

ಹಾಲನ್ನದಿಂದ ಹಲ್ಲು ಹುಳುಕಾಯಿತೆಂದು ಭಾವಿಸಬೇಡಿ, ಮಕ್ಕಳಿಗೆ ಬರುವಂತಹ ಹುಳುಕು ಬೆಕ್ಕಿಗೆ ಬರುವುದಿಲ್ಲವೆಂದೇ ಹೇಳಬಹುದು. ಹಾಲನ್ನದ ಕೊರತೆ ಬೇರೆ. ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಪೋಷಕಾಂಶ ಬೆಕ್ಕಿಗೆ ಸಿಗಬೇಕಾದದ್ದು ಮೀನು, ಮಾಂಸಗಳಿಂದ. ಅನ್ನದಲ್ಲಿ ಅದು ಇಲ್ಲ, ಹಾಲಿನಲ್ಲಿರುವುದು ಸಾಲದು. ಹಾಗೆಂದು ಮೂಳೆಯಿಲ್ಲದ ಮಾಂಸವನ್ನೇ ಸದಾ ಹಾಕಿದರೆ ಕ್ಯಾಲ್ಸಿಯಂ ಸಾಲದೆ ದೇಹವು ದವಡೆಯೂ ಸೇರಿದಂತೆ ಮೂಳೆಗಳಿಂದಲೇ ಅದನ್ನು ಎಳೆದುಕೊಳ್ಳುತ್ತದೆ. ಬಂಗುಡೆಯನ್ನು ಉಪ್ಪು, ಖಾರ, ಈರುಳ್ಳಿಯಿಲ್ಲದೆ ಬೇಯಿಸಿ, ಮುಳ್ಳು ತೆಗೆದು, ಆಗೊಮ್ಮೆ ಈಗೊಮ್ಮೆ ಕೊಡಬಹುದು; ನಿತ್ಯಕ್ಕೆ "ಸಂಪೂರ್ಣ ಆಹಾರ" ಎಂದು ನಮೂದಿಸಿರುವ ಅಂಗಡಿಯ ಒಣ ಅಥವಾ ತೇವಾಂಶವಿರುವ ಮೆತ್ತನೆಯ ಆಹಾರವೇ ಲೇಸು.

ನಿಮ್ಮ ಬೆಕ್ಕಿನ ಮಟ್ಟಿಗೆ ಆಹಾರದ ಪ್ರಶ್ನೆ ಎರಡನೆಯದು. ತಲೆ ಓರೆ ಮಾಡುವುದು, ತುತ್ತು ಬೀಳಿಸುವುದು ನೋವಿನ ಲಕ್ಷಣಗಳು. ವಸಡಿನ ರೋಗವಿರಬಹುದು, ಅಥವಾ ಹಲ್ಲು ತಾನೇ ಕರಗುತ್ತ ಹೋಗುವ, ಬೆಕ್ಕುಗಳಲ್ಲಿ ಬಹಳ ಸಾಮಾನ್ಯವಾದ ರೋಗವಿರಬಹುದು. ಎರಡನೆಯದಾದರೆ ಎಕ್ಸ್‌ರೇ ತೆಗೆದು, ಅರಿವಳಿಕೆ ಕೊಟ್ಟು ಆ ಹಲ್ಲನ್ನು ಕೀಳುವುದೇ ಸಾಮಾನ್ಯ ಚಿಕಿತ್ಸೆ. ಮೂತ್ರಪಿಂಡದ ಕಾಯಿಲೆಯಿಂದಲೂ ಬಾಯಿ ನಾರುವುದರಿಂದ ರಕ್ತಪರೀಕ್ಷೆಯನ್ನೂ ಮಾಡಿಸಿ. ತಾಲ್ಲೂಕಿನ ಪಶುವೈದ್ಯರಿಗೆ ಮೊದಲು ತೋರಿಸಿ. ಅಲ್ಲಿ ಎಕ್ಸ್‌ರೇ ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ವಿಚಾರಿಸಿಕೊಂಡು ಹೋಗಿ. ಬೆಕ್ಕು ಎರಡು ದಿನ ಪೂರ್ತಿ ಉಪವಾಸವಿದ್ದರೂ ಯಕೃತ್ತಿಗೆ ಕೊಬ್ಬು ತುಂಬುವ ಅಪಾಯವಿರುವುದರಿಂದ ತಡಮಾಡಬೇಡಿ.

ಹಲ್ಲು ಕಿತ್ತರೆ ತಿನ್ನುವುದು ಹೇಗೆಂಬ ಚಿಂತೆ ಬೇಡ; ನೋವು ಹೋದ ಮೇಲೆ ಬೆಕ್ಕುಗಳು ಮೆತ್ತನೆಯ ಆಹಾರವನ್ನು ಚೆನ್ನಾಗಿಯೇ ತಿನ್ನುತ್ತವೆ. ಗಾಯ ಮಾಗಿದ ಬಳಿಕ ಬೆರಳಿಗೆ ತೆಳುಬಟ್ಟೆ ಸುತ್ತಿ, ಸಾಕುಪ್ರಾಣಿಗಳ ಪೇಸ್ಟ್ ಹಚ್ಚಿ, ಮೇಲ್ದವಡೆಯ ಹಿಂದಿನ ಹಲ್ಲುಗಳ ಹೊರಮೈಯನ್ನು ದಿನಕ್ಕೊಮ್ಮೆ ಉಜ್ಜಿ. ಮನುಷ್ಯರ ಪೇಸ್ಟ್ ಸಲ್ಲದು, ಬೆಕ್ಕಿಗೆ ಉಗುಳಲು ಬಾರದು. ಹೊಸ ಆಹಾರವನ್ನು ಹಳೆಯದರೊಡನೆ ಬೆರೆಸುತ್ತ ವಾರ, ಹತ್ತು ದಿನಗಳಲ್ಲಿ ಬದಲಾಯಿಸಿ. ಒಣ ಆಹಾರವಾದರೆ ಪಕ್ಕದಲ್ಲಿ ಸದಾ ನೀರಿರಲಿ.