ಹೆಬ್ಬೆರಳಿನ ಗಾಯ ಮತ್ತು ಮೂರು ವರ್ಷದ ನಿದ್ದೆಗೇಡು

ಗುರುತು ಸಿಗಬಾರದೆಂದು ಊರು, ವಯಸ್ಸು, ವೃತ್ತಿಯ ವಿವರಗಳನ್ನು ಬದಲಿಸಿದ್ದೇನೆ.

ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಪ್ರೌಢಶಾಲಾ ಶಿಕ್ಷಕಿಯಾಗಿರುವ 46 ವರ್ಷದ ಈ ಮಹಿಳೆಯನ್ನು ನನ್ನಲ್ಲಿಗೆ ಕಳುಹಿಸಿದವರು ಅವರ ವೈದ್ಯರು. ಹಲಸಿನಕಾಯಿ ಹೆಚ್ಚುವಾಗ ಮೆಟ್ಟುಕತ್ತಿ ತಗುಲಿ ಹೆಬ್ಬೆರಳಿಗಾದ ಗಾಯ ಐದು ವಾರವಾದರೂ ಮಾಯದಿದ್ದಾಗ ಸಕ್ಕರೆ ಕಾಯಿಲೆಯ ಅನುಮಾನದಿಂದ ರಕ್ತ ಪರೀಕ್ಷೆ ಮಾಡಿಸಿದ್ದರು. ಸಕ್ಕರೆ, ಥೈರಾಯ್ಡ್ ಎರಡೂ ಸರಿಯಾಗಿದ್ದವು. ರಕ್ತದೊತ್ತಡ ಮಾತ್ರ ಬೇರೆ ಬೇರೆ ದಿನ ಅಳೆದಾಗಲೂ 148/94ರ ಆಸುಪಾಸಿನಲ್ಲಿತ್ತು. ಇದರ ಜೊತೆಗೆ ಪದೇಪದೇ ಬಾಯಿಹುಣ್ಣು, ಹುಳಿತೇಗು, ಕತ್ತಿನ ಬಿಗಿತ.

"ನಂಗೆ ಟೆನ್ಷನ್ ಅಂತ ಏನೂ ಇಲ್ಲ ಮೇಡಂ, ಎಲ್ಲ ಅಭ್ಯಾಸ ಆಗಿಹೋಗಿದೆ" ಎಂಬುದು ಅವರ ಮೊದಲ ಮಾತು. ಅಭ್ಯಾಸವಾದದ್ದು ಏನೆಂದು ತಿಳಿಯಲು ಎರಡು ಭೇಟಿ ಬೇಕಾಯಿತು. ಮರೆವಿನ ಕಾಯಿಲೆಯಿರುವ ಅತ್ತೆ ಮೂರು ವರ್ಷದಿಂದ ರಾತ್ರಿ ಎದ್ದು ಬಾಗಿಲು ತೆಗೆದು ತವರಿಗೆ ಹೊರಡುತ್ತಾರೆ. ಅಗುಳಿಯ ಸದ್ದಿಗೆ ಇವರಿಗೆ ಎಚ್ಚರವಾಗುತ್ತದೆ. ಅತ್ತೆ ಮಲಗಿಯೇ ಇರುವ ರಾತ್ರಿಗಳಲ್ಲೂ ಮೂರು ಗಂಟೆಗೆ ಎದೆ ಹೊಡೆದುಕೊಂಡು ಎಚ್ಚರವಾಗುತ್ತದೆ. ನನ್ನ ಗಮನ ನಿಂತದ್ದು ಈ ಎರಡನೆಯ ಸಂಗತಿಯ ಮೇಲೆ.

ಅವರು ವಿಜ್ಞಾನದ ಶಿಕ್ಷಕಿಯಾದ್ದರಿಂದ ದೇಹದ ಲೆಕ್ಕವನ್ನೇ ಮುಂದಿಟ್ಟೆ. ಅಗುಳಿ ಸದ್ದಾದ ಕ್ಷಣ ಅಡ್ರಿನಾಲಿನ್ ಎಂಬ ಹಾರ್ಮೋನು ಹೃದಯದ ಬಡಿತವನ್ನು ಏರಿಸುತ್ತದೆ; ಕೆಲವು ನಿಮಿಷಗಳ ನಂತರ ಮಿದುಳಿನ ಆದೇಶದಂತೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಹೊರಟು ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ. ಅಪಾಯ ಕಳೆದ ಮೇಲೆ ಎಲ್ಲವೂ ಇಳಿಯಬೇಕು. ಕಾರ್ಟಿಸಾಲ್ ಸಹಜವಾಗಿ ಬೆಳಿಗ್ಗೆ ಎದ್ದ ಮೇಲೆ ಏರಿ, ಮಧ್ಯರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ. ವರ್ಷಗಟ್ಟಲೆ ನಿದ್ದೆಗೆಟ್ಟರೆ ಆ ಏರಿಳಿತದ ಲಯ ತಪ್ಪಬಹುದು. ಇಂಥ ಒತ್ತಡಕ್ಕೆ ದೇಹ ಮೊದಲು ಬೆಚ್ಚಿ, ಆಮೇಲೆ ತಾಳಿಕೊಂಡು, ಕೊನೆಗೆ ಸೋಲುತ್ತದೆ ಎಂಬ ಮೂರು ಹಂತಗಳ ವಿವರಣೆಯನ್ನು ಒತ್ತಡದ ಸಂಶೋಧಕ ಹ್ಯಾನ್ಸ್ ಸೆಲ್ಯೆ 1936ರಲ್ಲಿಯೇ ಮುಂದಿಟ್ಟಿದ್ದರು. ಈ ಶಿಕ್ಷಕಿ "ಅಭ್ಯಾಸ" ಎಂದದ್ದು ಈ ನಡುವಿನ ಹಂತವನ್ನು, ಅಂದರೆ ದೇಹ ಸಾಲ ಮಾಡಿ ಸಂಸಾರ ತೂಗಿಸುವ ಕಾಲವನ್ನು.

ಗಾಯದ ಬಗ್ಗೆಯೂ ಕೇಳಿದರು. 1995ರಲ್ಲಿ ಅಮೆರಿಕದ ಸಂಶೋಧಕರು ಮರೆವಿನ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ಚರ್ಮದಲ್ಲಿ ಚಿಕ್ಕ ಗಾಯ ಮಾಡಿ ಗಮನಿಸಿದಾಗ, ಅದು ಮಾಯಲು ಇತರರಿಗಿಂತ ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿದಿತ್ತು. ಹಾಗೆಂದು ಅವರ ಹೆಬ್ಬೆರಳಿಗೆ ಒತ್ತಡವೊಂದೇ ಕಾರಣವೆಂದು ನಾನು ಹೇಳಲಿಲ್ಲ. ದಿನವೂ ಎರಡು ಹೊತ್ತು ಹಾಸಿಗೆ ಬಟ್ಟೆ ಒಗೆಯುವ ಕೈ ಒಣಗುವುದಾದರೂ ಯಾವಾಗ?

"ಚಿಂತೆ ಬಿಡಿ" ಎಂಬ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು, ಎದೆನೋವು ಬಂದರೆ ಹುಳಿತೇಗೆಂದು ಕೂರದೆ ಆಸ್ಪತ್ರೆಗೆ ಹೋಗಬೇಕು ಎಂದು ಮೊದಲು ಹೇಳಿದೆ. ಮಧ್ಯಾಹ್ನದ ನಂತರದ ಕಾಫಿ ಬಿಡಿಸಿದೆ. ಮಲಗುವ ಮುನ್ನ ಹತ್ತು ನಿಮಿಷ, ನಿಮಿಷಕ್ಕೆ ಆರರಂತೆ ನಿಧಾನ ಉಸಿರಾಟ ಕಲಿಸಿದೆ. ಕಷ್ಟವೆನಿಸಿದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದೆಂದು ತಿಳಿಸಿದೆ.

ಆದರೆ ಇದೆಲ್ಲ ಉಪಚಾರವಷ್ಟೇ. ನಿಜವಾದ ಚಿಕಿತ್ಸೆ ಗಂಡನನ್ನು ಕರೆಸಿದ ದಿನ ಶುರುವಾಯಿತು. "ಅಮ್ಮ ಅವಳ ಮಾತನ್ನೇ ಕೇಳೋದು" ಎಂದರು ಅವರು. ಅದು ಹೊಗಳಿಕೆಯೂ ಹೌದು, ಜಾರಿಕೊಳ್ಳುವ ದಾರಿಯೂ ಹೌದು. ವಾರದಲ್ಲಿ ಮೂರು ರಾತ್ರಿ ತಾಯಿಯ ಕೋಣೆಯಲ್ಲಿ ಅವರೇ ಮಲಗಬೇಕು, ಆ ರಾತ್ರಿಗಳಲ್ಲಿ ಹೆಂಡತಿ ಅಗುಳಿಯ ಸದ್ದು ಕೇಳದ ಹಿಂದಿನ ಕೋಣೆಯಲ್ಲಿರಬೇಕು, ತಿಂಗಳಿಗೊಂದು ವಾರಾಂತ್ಯ ಬೆಂಗಳೂರಿನ ಮೈದುನ ಬರಬೇಕು ಎಂದು ಬರೆದುಕೊಂಡೆವು. ಮೈದುನ ಬಂದದ್ದು ಒಂದೇ ಸಲ. ಗಂಡ ಮಾತು ಉಳಿಸಿಕೊಂಡರು.

ಆರನೆಯ ಭೇಟಿಯ ವೇಳೆಗೆ ಮಾತ್ರೆಯೊಂದಿಗೆ ರಕ್ತದೊತ್ತಡ 132/84ಕ್ಕೆ ಇಳಿದಿತ್ತು, ಹೆಬ್ಬೆರಳಿನಲ್ಲಿ ಬಿಳಿಯ ಗೆರೆಯಷ್ಟೇ ಉಳಿದಿತ್ತು. ಹಿಂದಿನ ಕೋಣೆಯಲ್ಲಿ ಮಲಗಿದಾಗಲೂ ಮೂರಕ್ಕೆ ಎಚ್ಚರವಾಗುವುದು ಇನ್ನೂ ತಪ್ಪಿಲ್ಲ; ಈಗ ಎದೆ ಹೊಡೆದುಕೊಳ್ಳುವುದಿಲ್ಲ, ಮಗ್ಗುಲು ಬದಲಿಸಿ ಮಲಗುತ್ತೇನೆ ಎಂದರು.