ಯಾರದೋ ಕಾರು, ನನ್ನ ಹೆಸರಲ್ಲಿ ಸಾಲ

ಪುಟ್ಟ, ನಿನ್ನ ಮೆಸೇಜ್ ನಿನ್ನೆ ರಾತ್ರಿ ನೋಡಿದೆ. ಡಲ್ಲಾಸ್‌ಗೆ ಬಂದು ಎಂಟು ತಿಂಗಳು. ಕಾರ್ ಲೋನ್ ಕೇಳಿದರೆ ಆಗಲ್ಲ ಅಂದರು. ಯಾಕೆ ಅಂತ ಕ್ರೆಡಿಟ್ ರಿಪೋರ್ಟ್, ಅಂದರೆ ನಮ್ಮ ಸಾಲ ಕಂತುಗಳ ಜಾತಕ, ತೆಗೆದು ನೋಡಿದರೆ ಅದರಲ್ಲಿ 2019ರ ಯಾವುದೋ ಅಂಗಡಿಯ ಕಾರ್ಡು, ಕಟ್ಟದೆ ಬಿಟ್ಟ ಬಾಕಿ, ನೀನು ಕಾಲೇ ಇಡದ ಊರಿನ ವಿಳಾಸ. "ಆಂಟಿ, 2019ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಬಿ.ಇ. ಓದ್ತಿದ್ದೆ. ಐನೂರು ಡಾಲರ್ ಕೊಟ್ಟರೆ ಸರಿ ಮಾಡಿಸಿಕೊಡ್ತೀವಿ ಅಂತ ಒಂದು ಕ್ರೆಡಿಟ್ ರಿಪೇರಿ ಕಂಪನಿಯವರು ಅಂತಿದ್ದಾರೆ, ಕೊಡಲಾ?" ಅಂತ ಕೇಳಿದ್ದೀಯ.

ಕೊಡಬೇಡ. ಕೆಲಸ ಮುಗಿಸುವ ಮೊದಲೇ ದುಡ್ಡು ಕೇಳುವ ಹಾಗಿಲ್ಲ ಅಂತ ಅಂಥವರಿಗೆಂದೇ ಇಲ್ಲಿ ಕಾನೂನು ಇದೆ. ಅವರು ಮಾಡುವುದನ್ನೆಲ್ಲ ನೀನೇ ಪುಕ್ಕಟೆಯಾಗಿ ಮಾಡಬಹುದು. ಅಂಚೆ ಖರ್ಚು ಅಷ್ಟೇ.

ನನಗೂ ಇದೇ ಆಗಿತ್ತು. ನಾನು ನ್ಯೂಜೆರ್ಸಿಗೆ ಬಂದದ್ದು 2011ರ ಆಗಸ್ಟ್‌ನಲ್ಲಿ. ಒಂದು ವರ್ಷ ಕಳೆದ ಮೇಲೆ ರಿಪೋರ್ಟ್ ನೋಡೋಣ ಅಂತ ಕೂತೆ. ನೀನು ನೀನೇನಾ ಅಂತ ಖಾತ್ರಿ ಮಾಡಿಕೊಳ್ಳಲು ರಿಪೋರ್ಟ್ ತಯಾರಿಸುವ ಕಂಪನಿಯವರು, ಅಂದರೆ ಕ್ರೆಡಿಟ್ ಬ್ಯೂರೋದವರು, ಆನ್‌ಲೈನ್‌ನಲ್ಲಿ ನಾಲ್ಕು ಪ್ರಶ್ನೆ ಕೇಳುತ್ತಾರೆ. ನನಗೆ ಬಂದ ಮೊದಲ ಪ್ರಶ್ನೆ: ನಿಮ್ಮ ಕಾರ್ ಲೋನಿನ ತಿಂಗಳ ಕಂತು ಎಷ್ಟು? ನನ್ನ ಹತ್ತಿರ ಕಾರೇ ಇರಲಿಲ್ಲ! "ಮೇಲಿನ ಯಾವುದೂ ಅಲ್ಲ" ಅಂತ ಒತ್ತಿದೆ. ನೀವು ನೀವಲ್ಲ ಅಂತ ಹೇಳಿ ಸೈಟ್ ಬಾಗಿಲು ಹಾಕಿಕೊಂಡಿತು. ಆಮೇಲೆ ಗುರುತಿನ ಚೀಟಿಯ ಜೆರಾಕ್ಸ್ ಇಟ್ಟು ಅಂಚೆಯಲ್ಲೇ ರಿಪೋರ್ಟ್ ತರಿಸಿಕೊಂಡೆ. ನೋಡಿದರೆ 2009ರ ಮಾರ್ಚ್‌ನಲ್ಲಿ ತೆಗೆದ ಕಾರು ಸಾಲ, ಎರಡು ಕಂತು ತಡ. 2009ರಲ್ಲಿ ನಾನು ಜಯನಗರದಿಂದ ಇಲೆಕ್ಟ್ರಾನಿಕ್ ಸಿಟಿಗೆ ಆಫೀಸ್ ಬಸ್ಸಲ್ಲಿ ನಿದ್ದೆ ಮಾಡುತ್ತ ಹೋಗಿ ಬರುತ್ತಿದ್ದೆ.

ಹೆಸರೇ ಕಾರಣ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಅಂತ ಕೇಳಿದಾಗ ಅಪ್ಪನ ಹೆಸರಿನ "ರಾವ್" ಬರೆಸಿದ್ದೆ. ಈ ದೇಶದಲ್ಲಿ ರಾವ್‌ಗಳಿಗೆ ಬರವೇ? ಹೆಸರು, ಇನಿಷಿಯಲ್ ಹತ್ತಿರ ಹತ್ತಿರ ಇದ್ದು, ಇಲ್ಲಿ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರಿನ ಒಂಬತ್ತೂ ಅಂಕಿ ಹೊಂದದೆ ಕೆಲವಷ್ಟೇ ಹೊಂದಿದರೂ ಇಬ್ಬರ ಲೆಕ್ಕವನ್ನು ಒಂದೇ ಕಡತಕ್ಕೆ ಸೇರಿಸಿಬಿಟ್ಟದ್ದುಂಟು. ಇದಕ್ಕೆ ಮಿಕ್ಸ್ಡ್ ಫೈಲ್ ಅನ್ನುತ್ತಾರೆ. ನಮ್ಮ ಕಡೆಯವರ ಹೆಸರೋ, ಒಂದು ಕಡೆ ಊರು ಮುಂದೆ, ಇನ್ನೊಂದು ಕಡೆ ಅಪ್ಪ ಹಿಂದೆ, ಮತ್ತೊಂದು ಕಡೆ ಬರೀ ಇನಿಷಿಯಲ್. ಬ್ಯಾಂಕಲ್ಲಿ ಒಂಥರ, ಬಾಡಿಗೆ ಕರಾರಿನಲ್ಲಿ ಇನ್ನೊಂಥರ ಬರೆಸಬೇಡ. ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಹೇಗಿದೆಯೋ ಎಲ್ಲ ಕಡೆ ಹಾಗೇ ಇರಲಿ.

ಮೊದಲ ಸಲ ನಾನು ಆನ್‌ಲೈನ್‌ನಲ್ಲೇ ತಕರಾರು ಹಾಕಿದೆ. ಪಟ್ಟಿಯಿಂದ "ಇದು ನನ್ನ ಖಾತೆಯಲ್ಲ" ಆರಿಸಿ, ಒತ್ತಿ, ಹಾಯಾಗಿ ಮಲಗಿದೆ. ಎರಡು ವಾರಕ್ಕೆ ಉತ್ತರ ಬಂತು: ಪರಿಶೀಲಿಸಿದ್ದೇವೆ, ಸರಿಯಾಗಿದೆ. ಸಿಟ್ಟು ಬಂತು, ಅತ್ತೂ ಬಿಟ್ಟೆ. ಆಮೇಲೆ ಗೊತ್ತಾಯಿತು. ಬ್ಯೂರೋದಿಂದ ಸಾಲ ಕೊಟ್ಟವರಿಗೆ ನಮ್ಮ ತಕರಾರು ಹೆಚ್ಚಾಗಿ ಒಂದು ಪುಟ್ಟ ಕೋಡ್ ಆಗಿ ಹೋಗುತ್ತದೆ. ಅವರು ಕಂಪ್ಯೂಟರ್ ನೋಡುತ್ತಾರೆ. ಈ ಸಾಲ ಇದೆಯಾ? ಇದೆ. ರಾವ್ ಅಂತ ಇದೆಯಾ? ಇದೆ. ಯಾವ ರಾವ್ ಅಂತ ಯಾರೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ನಾವೇ ಕೇಳಿಸಬೇಕು ಕಣೋ. ಎರಡನೇ ಸಲ ಕಾಗದ ಬರೆದೆ. ಕಷ್ಟ ಸುಖ ಏನೂ ಹೇಳಲಿಲ್ಲ. ಈ ನಂಬರಿನ ಸಾಲ ಶುರುವಾದದ್ದು 2009ರ ಮಾರ್ಚ್. ನಾನು ಅಮೆರಿಕಕ್ಕೆ ಮೊದಲ ಸಲ ಬಂದದ್ದು 2011ರ ಆಗಸ್ಟ್, ನನ್ನ ಸೋಶಿಯಲ್ ನಂಬರ್ ಹುಟ್ಟಿದ್ದೇ ಅದರ ನಂತರ. ಇದು ಬೇರೆಯವರ ಖಾತೆ, ನನ್ನ ಕಡತದಿಂದ ತೆಗೆಯಿರಿ. ಇಷ್ಟೇ. ಜೊತೆಗೆ ಪಾಸ್‌ಪೋರ್ಟಿನ ಸೀಲ್ ಇರುವ ಪುಟ, ಸೋಶಿಯಲ್ ಕಾರ್ಡ್, ಕರೆಂಟ್ ಬಿಲ್, ರಿಪೋರ್ಟಿನ ಆ ಪುಟಕ್ಕೆ ಕೆಂಪು ಪೆನ್ನಲ್ಲಿ ಸುತ್ತು. ಎಲ್ಲವೂ ಜೆರಾಕ್ಸ್. ಮೂಲಪ್ರತಿ ಯಾವತ್ತೂ ಕೈಬಿಡಬೇಡ. ಒಂದು ಪ್ರತಿ ಬ್ಯೂರೋಗೆ, ಇನ್ನೊಂದು ಸಾಲ ಕೊಟ್ಟವರಿಗೆ. ಸರ್ಟಿಫೈಡ್ ಮೇಲ್, ರಿಟರ್ನ್ ರಿಸೀಟ್ ಸಮೇತ. ಅದು ತಲುಪಿದ ಮೇಲೆ ಸಹಿ ಹಾಕಿದ ಹಸಿರು ಕಾರ್ಡೊಂದು ವಾಪಸ್ ಬರುತ್ತದೆ. ಈ ದೇಶದಲ್ಲಿ ನನಗೆ ಸಿಕ್ಕ ಮೊದಲ ಗ್ರೀನ್ ಕಾರ್ಡ್ ಅದೇ ಅಂತ ನಿನ್ನ ಅಂಕಲ್ ಇವತ್ತಿಗೂ ಆಡಿಕೊಳ್ಳುತ್ತಾರೆ. 24ನೇ ದಿನಕ್ಕೆ ಸಾಲ ರಿಪೋರ್ಟಿನಿಂದ ಹೋಯಿತು.

ನಿನ್ನದೂ ಹಾಗೇ. 2019ರ ಕಾರ್ಡು, ನೀನು ಬಂದದ್ದು ಎಂಟು ತಿಂಗಳ ಹಿಂದೆ. ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಈಗ ಎಷ್ಟೋ ಸಲ ಪಾಸ್‌ಪೋರ್ಟಿಗೆ ಸೀಲ್ ಹಾಕುವುದೇ ಇಲ್ಲ. ಸೀಲ್ ಇಲ್ಲದಿದ್ದರೆ ನೀನು ದೇಶದೊಳಗೆ ಬಂದ ದಿನ ತೋರಿಸುವ ಸರ್ಕಾರಿ ದಾಖಲೆ ಐ-94 ಪ್ರಿಂಟ್ ತೆಗೆದು ಇಡು. ಆದರೆ ನೀನು ಬಂದ ಮೇಲೆ ತೆಗೆದ, ನಿನಗೆ ಗೊತ್ತಿಲ್ಲದ ಖಾತೆಯೂ ಇದ್ದರೆ ಅದು ಬೇರೆ ಕಥೆ. ಯಾರೋ ನಿನ್ನ ನಂಬರ್ ಬಳಸಿರಬಹುದು. ಆಗ ಐಡೆಂಟಿಟಿಥೆಫ್ಟ್ ಡಾಟ್ ಗವ್‌ನಲ್ಲಿ ದೂರು ಕೊಟ್ಟು, ಮೂರೂ ಕಡೆ ಫ್ರೀಜ್ ಹಾಕು, ಅಂದರೆ ನಿನ್ನ ಹೆಸರಲ್ಲಿ ಯಾರೂ ಹೊಸ ಸಾಲ ತೆಗೆಯದ ಹಾಗೆ ಕಡತಕ್ಕೆ ಬೀಗ. ಫ್ರೀಜ್‌ಗೆ 2018ರಿಂದ ದುಡ್ಡಿಲ್ಲ.

ಮೂರೂ ಕಡೆ ಅಂದರೆ ಮೂರು ದೊಡ್ಡ ಬ್ಯೂರೋಗಳು: ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್. ಒಬ್ಬರಲ್ಲಿ ಸರಿಯಾದರೆ ಇನ್ನೊಬ್ಬರಲ್ಲಿ ತಾನಾಗೇ ಸರಿಯಾಗುತ್ತದೆ ಅಂದುಕೊಳ್ಳಬೇಡ. ಮೂರನ್ನೂ ಆ್ಯನುಯಲ್‌ಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್‌ನಲ್ಲಿ ತೆಗೆ, ವಾರಕ್ಕೊಮ್ಮೆ ತೆಗೆದರೂ ಪುಕ್ಕಟೆ. ಇದೇ ಥರ ಹೆಸರಿನ ಬೇರೆ ಸೈಟ್‌ಗಳಿವೆ, ಕಾರ್ಡ್ ನಂಬರ್ ಕೇಳಿದರೆ ಎದ್ದು ಬಾ. ತಕರಾರು ತಲುಪಿದ ಮೇಲೆ ಬ್ಯೂರೋಗೆ 30 ದಿನ, ಕೆಲವು ಸಲ 45. ಅಷ್ಟರಲ್ಲಿ ಸರಿ ಅಂತ ತೋರಿಸಲಾಗದಿದ್ದರೆ ಅಳಿಸಲೇಬೇಕು. 1970ರಿಂದ ಇರುವ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್ ನಿನ್ನ ಬೆನ್ನಿಗಿದೆ. ಮತ್ತೆ "ಪರಿಶೀಲಿಸಿದ್ದೇವೆ" ಅಂದರೆ ಹೇಗೆ ಪರಿಶೀಲಿಸಿದಿರಿ ಅಂತ ಬರೆದು ಕೇಳು, 15 ದಿನದಲ್ಲಿ ಹೇಳಬೇಕು. ಅದಕ್ಕೂ ಬಗ್ಗದಿದ್ದರೆ ಗ್ರಾಹಕರ ಹಣಕಾಸು ದೂರು ನೋಡುವ ಸರ್ಕಾರಿ ಸಂಸ್ಥೆ ಸಿಎಫ್‌ಪಿಬಿಗೆ ದೂರು.

ಕಾರ್ ಲೋನ್ ಕೊಡಲ್ಲ ಅಂದವರ ಕಾಗದ ಎಸೆದಿಲ್ಲ ತಾನೇ? ಯಾವ ಬ್ಯೂರೋದ ರಿಪೋರ್ಟ್ ನೋಡಿ ಹಾಗೆ ಹೇಳಿದರು ಅಂತ ಅದರಲ್ಲಿ ಇರುತ್ತದೆ. ಮೊದಲ ಕಾಗದ ಅವರಿಗೆ ಹೋಗಲಿ. ನಿನ್ನ ಕಡತದಲ್ಲಿ ಇರುವುದೇ ಒಂದೋ ಎರಡೋ ಖಾತೆ, ಹಾಗಾಗಿ ಒಂದು ತಪ್ಪೇ ಜಾಸ್ತಿ ಭಾರ.

ಊರಲ್ಲಿ ಸಿಬಿಲ್ ಸ್ಕೋರ್ 790 ಇತ್ತು ಅಂತ ಬೇಜಾರು ಮಾಡಿಕೊಂಡಿದ್ದೀಯ. ಅದನ್ನು ಇಲ್ಲಿ ಹೆಚ್ಚಿನ ಬ್ಯಾಂಕುಗಳು ನೋಡುವುದೇ ಇಲ್ಲ, ಬಿಡು. ಆದರೆ ಅಲ್ಲಿನ ಕ್ರೆಡಿಟ್ ಕಾರ್ಡ್ ಮುಚ್ಚಿ ಬಂದೆಯಾ? ನನ್ನ ತಮ್ಮ ಮರೆತಿದ್ದ. ವರ್ಷದ ಶುಲ್ಕ, ಅದಕ್ಕೆ ಬಡ್ಡಿ, ಬಡ್ಡಿಗೆ ದಂಡ ಸೇರಿ ಬೆಳೆದು ಕೂತಿತ್ತು.

ಕಾಗದ ಬರೆದು ಅಂಚೆಗೆ ಹಾಕುವ ಮೊದಲು ನನಗೊಮ್ಮೆ ಕಳಿಸು. ಇನ್ನೊಂದು, ಅಮ್ಮನಿಗೆ ಈಗಲೇ ಹೇಳಬೇಡ. ಮಗನ ಹೆಸರಲ್ಲಿ ಅಮೆರಿಕದಲ್ಲಿ ಯಾರೋ ಸಾಲ ಮಾಡಿದ್ದಾರೆ ಅಂದರೆ ರಾತ್ರಿ ಎರಡು ಗಂಟೆಗೆ ನನಗೇ ಫೋನ್ ಬರುತ್ತದೆ.